ಏಲಕ್ಕಿ ಕೋಣೆಯ ಹಸಿರು ಬಿಲ್ಲೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಶನಿವಾರಸಂತೆಯ ಒಂದು ಮಂಡಿಯಲ್ಲಿ ರೈಟರ್ ಆಗಿದ್ದೆ. ಕಾಫಿ, ಮೆಣಸು, ಏಲಕ್ಕಿಗೆ ಬೇರೆ ಬೇರೆ ಕೋಣೆ. ಯಾವ ಹಮಾಲಿಗೆ ಯಾವ ಕೋಣೆಯ ಅಪ್ಪಣೆಯಿದೆ ಎಂದು ಸಾಹುಕಾರರು ಬರೆಸಿದ ಪುಸ್ತಕ ನನ್ನ ಮೇಜಿನ ಮೇಲೆ. ಪ್ರತಿ ಮೂಟೆಗೂ ಪುಸ್ತಕ ತೆರೆದು, ಹೆಸರಿನ ಮೇಲೆ ಬೆರಳಿಟ್ಟು ನೋಡಿಯೇ ಒಳಗೆ ಬಿಡುತ್ತಿದ್ದೆ. ಹತ್ತು ಸಲ ಬಂದವನನ್ನೂ ಹನ್ನೊಂದನೇ ಸಲ ನಂಬುವ ಧೈರ್ಯ ನನಗಿರಲಿಲ್ಲ. ಸಂತೆಯ ದಿನ ಮೂಟೆ ಹೊತ್ತವರ ಸಾಲು ರಸ್ತೆ ಮುಟ್ಟುತ್ತಿತ್ತು.

"ನನ್ ಮದ್ವೇಲೂ ಇಷ್ಟ್ ಸಲ ಯಾರೂ ಹೆಸ್ರು ಕೇಳ್ಲಿಲ್ಲ, ರೈಟ್ರೇ," ಎಂದಿದ್ದ ಒಬ್ಬ ಮುದುಕ ಹಮಾಲಿ.

ಆಗ ಕರಿಕೆ ಕಡೆಯಿಂದ ಹೊಸ ರೈಟರ್ ಬಂದ. ನನಗಿಂತ ಹದಿನೈದು ವರ್ಷ ಚಿಕ್ಕವನು. ಬೆಳಗ್ಗೆ ಒಂದೇ ಸಲ ಪುಸ್ತಕ ನೋಡಿ, ಕೋಣೆಗೊಂದು ಬಣ್ಣದಂತೆ ಮರದ ಬಿಲ್ಲೆಗಳನ್ನು ಹಮಾಲಿಗಳ ಕೊರಳಿಗೆ ಹಾಕಿಸಿದ. ಬಾಗಿಲಲ್ಲಿ ಬಣ್ಣ ನೋಡಿದರೆ ಮುಗಿಯಿತು. ಸಾಲು ಕರಗಿತು. ಸಾಹುಕಾರರು ತಮ್ಮ ಜೊತೆಗೇ ಅವನಿಗೂ ಕಾಫಿ ತರಿಸಿದರು. ಹೆಡ್ ರೈಟರ್ ಕುರ್ಚಿ ಆ ತಿಂಗಳು ಖಾಲಿಯಾಗುವುದಿತ್ತು. ನಾನು ಮನಸ್ಸಿನಲ್ಲೇ ಅದರ ಮೇಲೆ ಕುಳಿತು ವರ್ಷಗಳಾಗಿದ್ದವು. ಅವನ ಕಾಫಿಯ ವಾಸನೆಗೇ ನನಗೆ ಹೊಟ್ಟೆಯುರಿ.

ಆ ವಾರದ ಸಂತೆಯ ದಿನ, ಬಿಲ್ಲೆ ಹಂಚಿಯಾದ ಮೇಲೆ, ಸಾಹುಕಾರರು ನನ್ನ ಮೇಜಿಗೆ ಬಂದು, ಒಬ್ಬ ಹಮಾಲಿಯನ್ನು ಇನ್ನು ಏಲಕ್ಕಿ ಕೋಣೆಗೆ ಬಿಡಬೇಡಿ ಎಂದು ಹೇಳಿ ಹೋದರು. ಪುಸ್ತಕದಲ್ಲಿ ಅವನ ಹೆಸರು ಹೊಡೆದೆ. ಆದರೆ ಅವನ ಕೊರಳಲ್ಲಿ ಹಸಿರು ಬಿಲ್ಲೆ ಇನ್ನೂ ನೇತಾಡುತ್ತಿತ್ತು. ಬಾಗಿಲಲ್ಲಿದ್ದ ಹೊಸಬನಿಗೆ ತಿಳಿಸಬೇಕಿತ್ತು. ತಿಳಿಸಲಿಲ್ಲ. ತುಂಬಿದ ಪೆನ್ನಿಗೇ ಮತ್ತೆ ಮಸಿ ತುಂಬುತ್ತ ಕುಳಿತೆ. ಆ ಹಮಾಲಿ ಎರಡು ಸಲ ಏಲಕ್ಕಿ ಕೋಣೆಗೆ ಹೋಗಿ ಬಂದ. ಸಾಹುಕಾರರ ಕಣ್ಣಿಗೆ ಬೀಳಲಿ ಎಂದು ಕಾಯುತ್ತಿದ್ದೆ; ಬಿದ್ದರೆ ನನ್ನನ್ನೂ ಕೇಳಿಯಾರೆಂದು ಬೆವರುತ್ತಲೂ ಇದ್ದೆ.

ಊಟದ ಹೊತ್ತಿಗೆ ಹೊಸಬನೇ ಎಲ್ಲರ ಬಿಲ್ಲೆ ವಾಪಸು ಪಡೆದು ನನ್ನ ಮೇಜಿಗೆ ಬಂದ.

"ಅಣ್ಣಾ, ಬೆಳಗ್ಗಿಂದ ಯಾರ ಹೆಸ್ರಾದ್ರೂ ಹೊಡ್ದದ್ದು ಉಂಟಾ? ಬೆಳಗ್ಗೆ ಕೊಟ್ಟದ್ದನ್ನ ಸಂಜೆವರೆಗೆ ನಂಬ್ಲಿಕ್ಕೆ ನಂಗೆ ಹೆದ್ರಿಕೆ ಆಗ್ತದೆ."

ಹೆದರಿಕೆಯೊಂದಾದರೂ ನನ್ನ ಸ್ವಂತದ್ದು ಎಂದುಕೊಂಡಿದ್ದೆ. ಅದೂ ಅವನ ಕೈಯಲ್ಲಿ ಕೆಲಸಕ್ಕೆ ಬರುತ್ತಿತ್ತು.

"ಈಗ್ತಾನೇ ಒಂದ್ ಹೊಡ್ದೆ," ಎಂದು ಹೆಸರು ತೋರಿಸಿದೆ. ಅವನು ನಂಬಿದ. ಅಷ್ಟೇ ಅಲ್ಲ, ಅಣ್ಣ ಸಮಯಕ್ಕೆ ಸರಿಯಾಗಿ ಹೇಳಿದರೆಂದು ಸಾಹುಕಾರರ ಮುಂದೆ ಹೊಗಳಿದ. ಅವರು ನನ್ನತ್ತ ತಲೆಯಾಡಿಸಿದರು. ತಿಂಗಳ ಕೊನೆಗೆ ಹೆಡ್ ರೈಟರ್ ಕುರ್ಚಿಯನ್ನು ಅವನಿಗೇ ಕೊಟ್ಟರು.

ಎಲ್ಲರಿಗಿಂತ ಮೊದಲು ಅವನ ಕೈಕುಲುಕಿದವನು ನಾನೇ. ತಡಮಾಡಿದರೆ ಯಾರಾದರೂ ನನ್ನ ಮುಖ ನೋಡಿಬಿಟ್ಟಾರೆಂಬ ಭಯ.