ನನಗಿಂತ ಮೊದಲು ಜಗಳೂರಿಗೆ ಹೋದ ದನಿ

ನನ್ನ ಮದುವೆಯ ಮಾತು ಶುರುವಾದದ್ದೇ ಹಾಡಿನಿಂದ. ನ್ಯಾಮತಿಯಲ್ಲಿ ನನ್ನ ಸೋದರತ್ತೆಯ ಮಗಳ ಮದುವೆ. ಅಕ್ಷತೆ ಬಿದ್ದು, ಜನ ಊಟದ ಪಂಕ್ತಿಗೆ ಕಾಯುತ್ತಿದ್ದಾಗ ಯಾರೋ ನನ್ನ ಕೈಗೆ ಮೈಕು ಕೊಟ್ಟರು. ಎರಡು ವಚನ ಹಾಡಿದೆ. ಹೊನ್ನಾಳಿಯ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಮುಂದೆ ನಿಲ್ಲುತ್ತಿದ್ದವಳು ನಾನು. ನಮ್ಮ ಬೀದಿಯಲ್ಲಿ ಸೀಮಂತವಿರಲಿ, ತೊಟ್ಟಿಲಿರಲಿ, ಹಾಡಲು ನನ್ನನ್ನೇ ಕರೆಯುತ್ತಿದ್ದರು. ಹಾಡುವಾಗ ನನ್ನ ದನಿ ನನಗೆ ಎದೆಯಿಂದ ಎದ್ದು ಬಂದಂತೆ, ತುಸು ಭಾರವಾಗಿ, ತುಂಬಿಕೊಂಡು ಕೇಳುತ್ತಿತ್ತು. ನನ್ನನ್ನು ಚೆಲುವೆ ಎಂದು ಯಾರೂ ಅಂದಿರಲಿಲ್ಲ. ಅದರ ಚಿಂತೆಯೂ ನನಗಿರಲಿಲ್ಲ, ದನಿಯೊಂದಿದೆಯಲ್ಲ ಎಂದುಕೊಂಡಿದ್ದೆ.

ಆ ಮದುವೆಗೆ ಬಂದಿದ್ದ ಜಗಳೂರಿನವರೊಬ್ಬರು ತಮ್ಮನಿಗೆ ಹೆಣ್ಣು ಹುಡುಕುತ್ತಿದ್ದರು. ಮುಂದಿನ ವಾರವೇ ತಮ್ಮನನ್ನು ಕರೆದುಕೊಂಡು ಹೊನ್ನಾಳಿಯ ನಮ್ಮ ಮನೆಗೆ ಬಂದರು. ಹುಡುಗ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಬಂದಾಗಿನಿಂದ ತಮ್ಮ ಚಪ್ಪಲಿ ಬಿಟ್ಟ ಕಡೆಗೇ ನೋಡುತ್ತ ಕೂತಿದ್ದರು. ಉಪ್ಪಿಟ್ಟು, ಚಹಾ ಮುಗಿದ ಮೇಲೆ ಹುಡುಗನ ಅಣ್ಣ ಚೀಲದಿಂದ ಒಂದು ಟೇಪ್ ರೆಕಾರ್ಡರ್ ತೆಗೆದು ಸ್ಟೂಲಿನ ಮೇಲಿಟ್ಟರು.

"ನಮ್ಮವ್ವಗೆ ಕಣ್ಣು ಕಾಣಲ್ರೀ," ಎಂದು ಅಪ್ಪನಿಗೆ ಹೇಳಿದರು. "ಸಕ್ಕರೆ ಕಾಯಿಲೆಗೆ ಎರಡೂ ಹೋದ್ವು. ಬಸ್ಸಿನಾಗೆ ಬರಾಕೆ ಆಗಲ್ಲ. ಫೋಟೊ ಒಯ್ದು ಕೈಗೆ ಕೊಟ್ಟು ಏನು ಮಾಡೋದು? ಹುಡುಗಿ ದನಿ ತಗಂಬರ್ರಿ, ಕೇಳಿ ಹೇಳ್ತೀನಿ ಅಂದಾಳೆ."

ಅಪ್ಪನಿಗೆ ಇದು ಹೊಸದು. ಆದರೂ ಹೆಮ್ಮೆಯಾಯಿತು. "ಹಾಡವ್ವ," ಎಂದರು. ನಾನು ಹಾಡಿದೆ. ಚೆನ್ನಾಗಿಯೇ ಬಂತು ಅನ್ನಿಸಿತು. ಅವರು ಟೇಪನ್ನು ಹಿಂದಕ್ಕೆ ಸುತ್ತಿ ಗುಂಡಿ ಒತ್ತಿದರು.

ಮೊದಲು ಸರಸರ ಸದ್ದು. ಆಮೇಲೆ ಯಾರೋ ಹುಡುಗಿ ಹಾಡತೊಡಗಿದಳು. ತೆಳ್ಳಗಿನ, ಮೂಗಿನಿಂದ ಬರುವ ದನಿ. ಪ್ರತಿ ಸಾಲಿನ ಕೊನೆಗೆ ಎಳೆಮಗು ಹಟ ಹಿಡಿದ ಹಾಗೆ ಒಂದು ಎಳೆತ. ಯಂತ್ರ ಕೆಟ್ಟಿದೆ ಎಂದು ಅವ್ವನ ಮುಖ ನೋಡಿದೆ. ಅವ್ವ ತೃಪ್ತಿಯಿಂದ ತಲೆಯಾಡಿಸುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ನನ್ನ ಅಣ್ಣ, "ಎದುರಿಗೆ ಹಾಡಿದಂಗೇ ಐತೆ ನೋಡು," ಎಂದ.

ದನಿ ಕೆಟ್ಟದ್ದಾಗಿತ್ತು ಎನ್ನುವುದಕ್ಕಿಂತ, ಕೋಣೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ ಎನ್ನುವುದೇ ನನ್ನನ್ನು ಹೆದರಿಸಿತು. ಇಷ್ಟು ವರ್ಷ ಇವರೆಲ್ಲ ಕೇಳುತ್ತಿದ್ದದ್ದು ಇವಳನ್ನೇ. ನಾನು ಕೇಳುತ್ತಿದ್ದವಳನ್ನು ಬೇರೆ ಯಾರೂ ಕೇಳಿಯೇ ಇರಲಿಲ್ಲ.

"ಇದು ನನ್ನ ದನಿ ಅಲ್ಲ," ಎಂದುಬಿಟ್ಟೆ.

ನೋಡಲು ಬಂದವರ ಮುಂದೆ ಹುಡುಗಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕಾದ ಕಾಲ. ಅಪ್ಪ ಕಣ್ಣು ತೆರೆದು ನನ್ನನ್ನೇ ನೋಡಿದರು.

"ಮಷಿನ್ ಹೊಸದೈತಮ್ಮ. ದಾವಣಗೆರೆಯಾಗೆ ತಗಂಡಿದ್ದು," ಎಂದರು ಹುಡುಗನ ಅಣ್ಣ. ಅವರ ಮುಖ ಸ್ವಲ್ಪ ಬಿಗಿಯಾಗಿತ್ತು.

"ಇನ್ನೊಂದು ಸಲ ಹಾಡ್ತೀನ್ರಿ."

ಅವರು ಕೆಂಪು ಗುಂಡಿಯನ್ನು ಮತ್ತೆ ಒತ್ತಿದರು. ಈ ಸಲ ಬಾಯಿ ತೆರೆಯುವ ಮೊದಲೇ ಆ ಹುಡುಗಿ ಕಿವಿಯಲ್ಲಿ ಕೂತಿದ್ದಳು. ಮೂಗಿನಿಂದ ಬರಬಾರದೆಂದು ದನಿಯನ್ನು ಗಂಟಲಿಗೆ ಇಳಿಸಿದೆ, ಗಂಟಲು ಹಿಡಿಯಿತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಉಸಿರು ಸಾಲದೆ ನಿಂತೆ.

"ನನ್ನ ಕೈಲಿ ಆಗಲ್ಲ," ಎಂದೆ. "ಇದನ್ನ ಒಯ್ಯಬ್ಯಾಡ್ರಿ. ನಾ ಹಾಡೋದು ಹಿಂಗೆ ಇರಲ್ಲ. ಪಾಪ, ಕಣ್ಣಿಲ್ಲದೋರಿಗೆ ಸುಳ್ಳು ಹೇಳಿದಂಗಾಗ್ತೈತೆ."

ಟಕ್ ಎಂದು ಗುಂಡಿ ಮೇಲೆದ್ದ ಸದ್ದು ಕೇಳಿದಾಗಲೇ ಗೊತ್ತಾದದ್ದು, ಟೇಪು ಅಲ್ಲಿಯವರೆಗೂ ಓಡುತ್ತಲೇ ಇತ್ತು. ಹುಡುಗ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದರು. ದಾವಣಗೆರೆ ಬಸ್ಸಿಗೆ ಹೊತ್ತಾಯಿತೆಂದು ಇಬ್ಬರೂ ಎದ್ದರು. ಕ್ಯಾಸೆಟ್ ಬಿಟ್ಟು ಹೋಗಲು ಹೇಳು ಎಂದು ಅಡುಗೆಮನೆಯಲ್ಲಿ ಅವ್ವನ ಸೆರಗು ಹಿಡಿದು ಬೇಡಿಕೊಂಡೆ. "ಮಾಡಿದ್ದು ಸಾಲದಾ? ಸುಮ್ಕಿರು," ಎಂದಳು ಅವ್ವ.

ಅಂದಿನಿಂದ ಉತ್ತರ ಬರುವವರೆಗೆ ಮನೆಯಲ್ಲಿ ಯಾರೂ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಬೇಡವೆಂದರೆ ಬೇಡವೆನ್ನಲಿ, ಅದಲ್ಲ ನನ್ನ ಸಂಕಟ. ನಾನು ಕಾಣದ ಊರಿನಲ್ಲಿ, ಕಾಣದ ಮನೆಯಲ್ಲಿ ಆ ದನಿ ನಾನೇ ಎಂದು ಹೇಳಿಕೊಂಡು ಹಾಡುತ್ತಿದೆ, ಅದನ್ನು ತಡೆಯಲು ನಾನು ಅಲ್ಲಿಲ್ಲ. ಪಾತ್ರೆ ತಿಕ್ಕುವಾಗ, ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುವಾಗ ಈಗ ಕೇಳುತ್ತಿರಬಹುದೇ ಎಂದು ನೆನೆದು ಕೈ ನಿಲ್ಲುತ್ತಿತ್ತು. ಪಕ್ಕದ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಕರೆದರು. ಬಾಯಿ ತೆರೆದೆ, ಮೂಗಿನ ದನಿಯೇ ಕೇಳಿಸಿತು, ಮುಚ್ಚಿದೆ. ಗಂಟಲು ನೋವು ಎಂದೆ. ಅವ್ವ ಮೆಣಸಿನ ಕಷಾಯ ಮಾಡಿಕೊಟ್ಟಳು. ಸುಮ್ಮನೆ ಕುಡಿದೆ.

ಕೊನೆಗೆ ನ್ಯಾಮತಿಯಿಂದ ಸೋದರತ್ತೆ ಬಂದರು. ಕಾಲು ತೊಳೆಯಲು ನೀರು ಕೊಡುವಾಗ ಅವರ ಮುಖದಲ್ಲಿ ಏನಿದೆಯೆಂದು ಹುಡುಕಿದೆ.

"ಒಪ್ಯಾರೆ," ಎಂದರು.

"ಹಾಡು ಕೇಳಿಸಿದ್ರಂತಾ?"

"ಅದೇನು ಕೇಳಿಸ್ಕಂಡಳೋ ಆಯಮ್ಮ. ಟೇಪು ಮುಗಿದ ಮ್ಯಾಲೆ, ಇವಳೇ ಇರಲಿ ಅಂದಳಂತೆ."

ಮನೆಯವರೆಲ್ಲ ಹಗುರಾದರು. ನಾನಾಗಲಿಲ್ಲ. ಅಲ್ಲಿ ಅವರು ಒಪ್ಪಿದ್ದು ಯಾರನ್ನು?

ಜಗಳೂರಿನಲ್ಲಿ ಗಾಳಿಯೇ ಬೇರೆ. ಹೊಳೆಯ ಊರಿನಿಂದ ಬಂದವಳಿಗೆ ತುಟಿ ಒಡೆಯಿತು, ಎರಡು ಕೊಡ ನೀರಿಗೆ ಕೈಪಂಪಿನ ಮುಂದೆ ಸಾಲು ನಿಲ್ಲುವುದನ್ನು ಕಲಿತೆ. ಅದಕ್ಕೆಲ್ಲ ಒಗ್ಗಿಕೊಂಡೆ. ಒಗ್ಗದೆ ಉಳಿದದ್ದು ಅತ್ತೆಯ ಮಂಚದ ಪಕ್ಕದ ಗೂಡಿನಲ್ಲಿದ್ದ ಟೇಪ್ ರೆಕಾರ್ಡರು. ಹೊಸ ಸೊಸೆಯನ್ನು ನೋಡಲು ಯಾರೇ ಬರಲಿ, "ಕೂತ್ಕಳ್ರಿ, ನಮ್ಮ ಸೊಸಿ ಹಾಡು ಕೇಳ್ರಿ," ಎಂದು ಅತ್ತೆ ಕೈ ಚಾಚುತ್ತಿದ್ದರು. ಅವರ ಬೆರಳು ತಡವರಿಸದೆ ಗುಂಡಿಯನ್ನು ಹುಡುಕುತ್ತಿತ್ತು. ನಾನು ಹಿತ್ತಲಿಗೆ ಓಡುತ್ತಿದ್ದೆ. ದನಿ ಅಲ್ಲಿಗೂ ಬರುತ್ತಿತ್ತು. ಹಾಡು ಮುಗಿದ ಮೇಲೆ ಅರ್ಧಕ್ಕೆ ನಿಂತ ಎರಡನೆಯ ಹಾಡು, ನನ್ನ ಗೋಗರೆತ, ಬಂದವರ ನಗು. ಎದುರಿಗೆ ಹಾಡು ಎಂದರೆ ಒಲ್ಲೆ ಎನ್ನುತ್ತಿದ್ದೆ. "ಮಷಿನ್ನಿಗೆ ಹಾಡ್ತಾಳೆ, ಮನುಷ್ಯರಿಗೆ ಹಾಡಲ್ಲ," ಎಂದು ಅತ್ತೆ ಬಂದವರ ಮುಂದೆಯೇ ಅನ್ನತೊಡಗಿದರು. ನನ್ನ ಗಂಡ ಒಮ್ಮೆ, "ಎಲ್ರಿಗೂ ಹಂಗೇ ಅನ್ಸೋದು. ನಂಗೂ ನನ್ನ ದನಿ ಸೇರಲ್ಲ," ಎಂದರು. ಅವರು ದಿನಕ್ಕೆ ಆಡುತ್ತಿದ್ದದ್ದೇ ನಾಲ್ಕು ಮಾತು, ಅವರಿಗೆ ಸೇರದಿದ್ದರೆ ನಷ್ಟವೇನು ಎಂದು ಮನಸ್ಸಿನಲ್ಲೇ ಸಿಟ್ಟಾದೆ.

ಒಂದು ಮಧ್ಯಾಹ್ನ ಬಂದವರೆಲ್ಲ ಹೋಗಿದ್ದರು. ನಾನೂ ಅತ್ತೆಯೂ ಶೇಂಗಾ ಸುಲಿಯುತ್ತ ಕೂತಿದ್ದೆವು. ಆಗಷ್ಟೇ ಟೇಪು ಹಾಡಿ ನಿಂತಿತ್ತು.

"ಅತ್ತೆ, ಇನ್ನು ಮ್ಯಾಲೆ ಅದನ್ನ ಹಾಕಬ್ಯಾಡ್ರಿ."

ಅವರ ಕೈ ನಿಂತಿತು. "ಯಾಕೆ?"

"ಕೇಳಾಕೆ ಆಗಲ್ಲ ನಂಗೆ. ಮೈಮ್ಯಾಲೆ ಮುಳ್ಳು ಎಳೆದಂಗಾಗ್ತೈತೆ."

"ಅದನ್ನ ಕೇಳೇ ನಿನ್ನ ತಂದಿದ್ದು."

"ಆ ಹಾಡು ಕೇಳಿ ತಂದ್ರಾ?"

"ಹಾಡೇನು, ಇನ್ನೂ ಇಬ್ಬರು ಹುಡುಗೇರು ಹಾಡಿದ್ದು ಕೇಳಿಸಿದ್ರು. ನಿನ್ನ ಹಾಡು ಅವರದಕ್ಕಿಂತ ಹೆಚ್ಚಿಂದೇನಲ್ಲ."

ನಾನೇ ಹಾಗೆ ಅಂದುಕೊಂಡಿದ್ದರೂ ಅವರ ಬಾಯಲ್ಲಿ ಕೇಳಿದಾಗ ಚುರುಕ್ಕೆಂದಿತು.

"ಸುಳ್ಳು ಹೇಳಿದಂಗಾಗ್ತೈತೆ ಅಂದ್ಯಲ್ಲ, ಅದಕ್ಕೆ ಒಪ್ಪಿದ್ದು," ಎಂದರು ಅತ್ತೆ. "ಕಣ್ಣು ಹೋದಾಗಿಂದ ಈ ಮನ್ಯಾಗೆ ಎಲ್ರೂ ನಂಗೆ ಸುಳ್ಳು ಹೇಳ್ತಾರೆ. ನನ್ನ ಒಳ್ಳೇದಕ್ಕೇ ಹೇಳ್ತಾರೆ. ಹಾಲು ಕೆಟ್ಟಿದ್ರೂ ಕೆಟ್ಟಿಲ್ಲ, ಗ್ವಾಡೆ ಬಿರುಕು ಬಿಟ್ಟಿದ್ರೂ ಬಿಟ್ಟಿಲ್ಲ. ನನ್ನ ಮಗ ಮೂರು ದಿನ ಜ್ವರ ಬಂದು ಮಲಗಿದ್ರೂ ಟೂರ್ ಹೋಗ್ಯಾನೆ ಅಂದ್ರು."

ಗೂಡಿನ ಟೇಪ್ ರೆಕಾರ್ಡರಿನ ಕಡೆ ನೋಡುತ್ತ ಕೇಳಿದೆ, "ನಿಮ್ಮ ದನಿ ನೀವು ಅದರಾಗೆ ಕೇಳೀರಾ?"

"ನಂದೇನು ಕೇಳೋದು? ದಿನಾ ಕೇಳ್ತೀನಿ."

"ಅದು ಬ್ಯಾರೆ, ಇದು ಬ್ಯಾರೆ."

"ಹಂಗಾರೆ ಹಿಡಿ," ಎಂದರು, ಪಂಥಕ್ಕೆ ಬಿದ್ದವರ ಹಾಗೆ.

ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು ಹಾಕಿ ಕೆಂಪು ಗುಂಡಿ ಒತ್ತಿದೆ. ಅತ್ತೆ ನೆಟ್ಟಗೆ ಕೂತು ಒಂದು ಬೀಸುವ ಹಾಡು ಹೇಳಿದರು. ಟೇಪು ಹಿಂದಕ್ಕೆ ಸುತ್ತಿ ಹಾಕಿದೆ. ನಡುಗುವ, ಗಾಳಿ ಸೋರುವ ದನಿ ಕೋಣೆ ತುಂಬ ಹರಡಿತು. ಅತ್ತೆಯ ಮುಖ ಆ ಕಡೆಗೆ ತಿರುಗಿತು.

"ಯಾರಿದು?"

"ನೀವೇ ಅತ್ತೆ."

"ಇನ್ನೊಂದು ಸಲ ಹಾಕು."

ಹಾಕಿದೆ. ಅವರ ಕೈ ತಮ್ಮ ಗಂಟಲನ್ನು ಮುಟ್ಟಿತು, ಅಲ್ಲಿಂದ ಕೆನ್ನೆಗೆ, ಹಣೆಗೆ ಏರಿತು. "ಈ ಮುದುಕಿ ನಾನಾ?" ಎಂದರು. "ಕೊನೇ ಸಲ ಕನ್ನಡಿ ನೋಡಿದಾಗ ತಲೆಗೂದಲು ಕಪ್ಪಿತ್ತು. ನಾನು ಇನ್ನೂ ಹಂಗೇ ಇದೀನಿ ಅಂದ್ಕಂಡಿದ್ದೆ."

ಎದ್ದು ಗೋಡೆ ಹಿಡಿದು ಮಂಚಕ್ಕೆ ಹೋಗಿ ಮಲಗಿದರು. ಊಟಕ್ಕೆ ಕರೆದರೆ ಬರಲಿಲ್ಲ. ನಾನು ಏನು ಮಾಡಿಬಿಟ್ಟೆ? ಅವರಿಗೆ ಉಳಿದದ್ದು ಕಿವಿಯೊಂದೇ, ಅದರಿಂದಲೇ ಪೆಟ್ಟು ಬಿದ್ದಿತ್ತು. ಸಂಜೆ ಗಂಡ ಬಂದು, "ಯಾಕವ್ವ ಮಲಗಿದಿ?" ಎಂದು ಕೇಳಿದಾಗ ನಾನು ಒಲೆಯ ಮುಂದೆ ಕಿವಿಗೊಟ್ಟು ಕೂತಿದ್ದೆ. "ಏನಿಲ್ಲ, ಸುಸ್ತು," ಎಂದರು ಅತ್ತೆ.

ಮರುದಿನ ಬೆಳಿಗ್ಗೆ ಚಹಾ ಕೊಟ್ಟಾಗ ಬಟ್ಟಲಿನ ಜೊತೆ ನನ್ನ ಕೈಯನ್ನೂ ಹಿಡಿದುಕೊಂಡರು.

"ನಂದು ಒರೆಸಿಬಿಡು. ನಿನ್ನ ಹಾಡೂ ಒರೆಸು. ಸುಳ್ಳು ಅಂದಿ ನೋಡು, ಆ ಮಾತಷ್ಟು ಇರಲಿ."

ಅವತ್ತೇ ಬಾಗಿಲು ಹಾಕಿಕೊಂಡು ಕೂತೆವು. ಅವರ ಹಾಡಿನ ಮೇಲೂ ನನ್ನ ಹಾಡಿನ ಮೇಲೂ ರೇಡಿಯೊದ ಕೃಷಿ ಕಾರ್ಯಕ್ರಮ ಹಿಡಿದೆವು. ಬಿತ್ತನೆ ಬೀಜದ ಬಗ್ಗೆ ಯಾರೋ ಮಾತಾಡಿ ಮುಗಿಸುತ್ತಿದ್ದಂತೆ ನಾನು ಗುಂಡಿ ಮೇಲೆತ್ತಿದೆ, ನನ್ನ ಆ ಮಾತು ಶುರುವಾಗುವ ಮೊದಲು, ಸರಿಯಾದ ಜಾಗಕ್ಕೇ. ಬಂದವರಿಗೆ ಅತ್ತೆ ಮತ್ತೆಂದೂ ಅದನ್ನು ಕೇಳಿಸಲಿಲ್ಲ. ಟೇಪು ಎಲ್ಲಿ ಎಂದವರಿಗೆ ಯಂತ್ರ ಕೆಟ್ಟಿದೆ ಎಂದು ಸಲೀಸಾಗಿ ಹೇಳಿದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಗಂಡನಿಗೆ ಚನ್ನಗಿರಿಗೆ ವರ್ಗವಾಯಿತು. ಅತ್ತೆಯೂ ನಮ್ಮ ಜೊತೆ ಬಂದರು. ಅಲ್ಲಿ ಎದುರು ಮನೆಯ ಸೀಮಂತಕ್ಕೆ ಹಾಡುವವರು ಯಾರೂ ಇರಲಿಲ್ಲ. "ನನ್ನ ಸೊಸಿ ಹಾಡ್ತಾಳೆ," ಎಂದು ಅತ್ತೆ ನನ್ನನ್ನು ಕೇಳದೆ ಒಪ್ಪಿಕೊಂಡು ಬಂದಿದ್ದರು. ಅವರ ಕೈ ಹಿಡಿದು ಕರೆದುಕೊಂಡು ಹೋಗಿ ಚಾಪೆಯ ಮೇಲೆ ಕೂರಿಸಿದೆ. ಕಿಟಕಿಯ ಪಕ್ಕ ಒಂದು ಟೇಪ್ ರೆಕಾರ್ಡರು, ಅದರ ಕೆಂಪು ದೀಪ ಉರಿಯುತ್ತಿತ್ತು. ಆ ಮನೆಯವರನ್ನು ಕರೆದು, "ದಯವಿಟ್ಟು ಅದನ್ನ ಆರಿಸ್ರಿ," ಎಂದೆ. ಅವರು ಬೇಜಾರು ಮಾಡಿಕೊಂಡರೂ ಆರಿಸಿದರು. ಆಮೇಲೆ ಹಾಡಿದೆ. ಶುರುವಿನಲ್ಲಿ ಆ ಮೂಗಿನ ಹುಡುಗಿಯೇ ಹಾಡಿದಳು ಅನ್ನಿಸಿತು. ನಿಲ್ಲಿಸಲಿಲ್ಲ, ಅವಳನ್ನೂ ಹಾಡಲು ಬಿಟ್ಟೆ.

ಮನೆಗೆ ಬರುವಾಗ ದಾರಿಯಲ್ಲಿ ಹೇಗಿತ್ತು ಎಂದು ಅತ್ತೆಯನ್ನು ಕೇಳಿದೆ.

"ಎರಡನೇ ಹಾಡಿನಾಗೆ ದನಿ ಕೆಳಗಿಳೀತು," ಎಂದರು. "ಮೊದಲನೇದು ಚೆಂದಿತ್ತು. ಇಲ್ಲಿ ಗಟಾರ ಐತೆ ಅನ್ಸುತ್ತೆ, ನೋಡಿ ಕಾಲಿಡು."