ಇಂಗ್ಲಿಷರ ಗಲ್ಲಿಯಲ್ಲಿ ಬಂಗಡೆ

"ಇಂಗ್ಲಿಷರ ನಡುವೆ ನೀನು ಒಂದು ತಿಂಗಳೂ ಬಾಳಲಿಕ್ಕಿಲ್ಲ" ಅಂದಿದ್ದರು ನನ್ನ ಅತ್ತಿಗೆ. ದುಬೈಯ ಅಲ್ ಕೂಜ್ ಕಾರ್ಖಾನೆ ಪ್ರದೇಶದಲ್ಲಿ ಯೂನಿಫಾರ್ಮ್ ಹೊಲಿದು ಹೊಲಿದು ಸ್ವಂತ ಹೊಲಿಗೆ ಕಾರ್ಖಾನೆ ಮಾಡಿಕೊಂಡವಳು ನಾನು. ಹಟಕ್ಕೆ ಅದೇ ಊರಿನ ಇಂಗ್ಲಿಷರ ಗಲ್ಲಿಯಲ್ಲೇ ವಿಲ್ಲಾ ಕೊಂಡೆ. ಅಲ್ಲಿ ಎಲ್ಲರೂ ನೋಡಿದರೆ ನಗುತ್ತಾರೆ, ಒಳಗೆ ಮಾತ್ರ ಯಾರೂ ಕರೆಯುವುದಿಲ್ಲ.

ಒಂದು ದಿನ ಟೆರೇಸಿನಲ್ಲಿ ಉಪ್ಪು ಹಾಕಿದ ಬಂಗಡೆ ಒಣಗಲು ಹರಡಿದೆ. ಸಂಜೆ ಪಕ್ಕದ ಮನೆಯ ಪೀಟರ್ ಬೆಲ್ ಮಾಡಿದ. ಬಿಸಿಲಿನ ಬಗ್ಗೆ ತುಂಬಾ ಹೊತ್ತು ಮಾತಾಡಿ, "ಕ್ಷಮಿಸಿ, ದೂರು ಹೇಳಲು ಬಂದಿದ್ದಲ್ಲ. ನಿಮ್ಮ ಟೆರೇಸಿನಲ್ಲಿ ಏನಾದರೂ ಸತ್ತಿದೆಯೇ?" ಎಂದ.

"ಹೌದು. ಒಂದು ಬುಟ್ಟಿ ಬಂಗಡೆ."

"ಓ! ಹಾಗಾದರೆ ಸರಿ" ಎಂದು ಅಲ್ಲೇ ನಿಂತ.

ತೆಗೆಯಿರಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ತೆಗೆದರೆ ಅತ್ತಿಗೆ ಗೆದ್ದ ಹಾಗೆ, ನನಗೂ ತೆಗೆಯುವ ಮನಸ್ಸಿಲ್ಲ. ಆದರೆ ಬಾಗಿಲಿಗೆ ಬಂದವರನ್ನು ಹಾಗೇ ಕಳಿಸಿ ಗೊತ್ತಿಲ್ಲ. ಒಳಗೆ ಕೂರಿಸಿ ಗಂಜಿ, ಒಣಮೀನಿನ ಚಟ್ನಿ ಬಡಿಸಿದೆ. ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನೊಮ್ಮೆ ಹಾಕಿಸಿಕೊಂಡ. ಮರುವಾರ ವಾಸನೆ ಹೊರಬಾರದ ಹಾಗೆ ಮೀನಿಗೊಂದು ಗಾಜಿನ ಗೂಡನ್ನು ಅವನೇ ನಿಂತು ಕಟ್ಟಿಸಿದ.

ಈಗ ನನಗೆ ಸ್ವಂತ ವಿಲ್ಲಾ ಇದೆ, ನನ್ನ ಬಂಗಡೆಗೆ ಸ್ವಂತ ಗೂಡಿದೆ. ತೆತ್ತ ಬೆಲೆಯೆಂದರೆ, ಪ್ರತಿ ಭಾನುವಾರ ಪೀಟರನ ಹೆಂಡತಿ ಬೇಯಿಸಿದ ಉಪ್ಪು ಖಾರವಿಲ್ಲದ ಬಟಾಟೆ ತಿಂದು "ಲವ್ಲಿ" ಎನ್ನಬೇಕು.