ಅಣ್ಣನ ಪರೀಕ್ಷೆಗೆ ನಾನು ತೊಟ್ಟಿಲೇರಿದ್ದು

ನಮ್ಮಣ್ಣನ ಫಿಜಿಕ್ಸಿಗಾಗಿ ನನ್ನನ್ನು ತೊಟ್ಟಿಲಿಗೆ ಹಾಕಿದಾಗ ನನಗೆ ಹತ್ತು ವರ್ಷ. ತಲೆಗೆ ಕೂಸಿನ ಕುಂಚಿಗೆ ಕಟ್ಟಿದ್ದರು. ಗಲ್ಲಕ್ಕೆ ಕಾಡಿಗೆಯ ಬೊಟ್ಟೂ ಇಟ್ಟಿದ್ದರು. ಇದನ್ನು ಹೇಳಿದರೆ ಮೊಮ್ಮಗಳು ನಂಬುವುದಿಲ್ಲ. ಅವಳೀಗ ಕೊಪ್ಪಳದ ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದಾಳೆ. ಮೊನ್ನೆ ಪರೀಕ್ಷೆಗೆ ಕೂತು ಓದುತ್ತ, ದಾರಕ್ಕೆ ಕಟ್ಟಿದ ಗುಂಡೊಂದು ಅತ್ತಿತ್ತ ತೂಗುವುದನ್ನು ಫೋನಿನಲ್ಲಿ ತೋರಿಸಿ, "ಇದು ಲೋಲಕ, ಆಯಿ. ನಿನಗ ತಿಳಿಯೂದಿಲ್ಲ ಬಿಡು" ಅಂದಳು. ನನಗೆ ರೇಗಿಹೋಯಿತು. ಲೋಲಕದೊಳಗೇ ಮಲಗಿ ಎದ್ದು ಬಂದವಳು ನಾನು! ಅದಕ್ಕೇ, ಅವಳೇ ಕಲಿಸಿಕೊಟ್ಟ ಟೈಪಿಂಗಿನಲ್ಲಿ, ಒಂದೇ ಬೆರಳಿನಿಂದ ಇದನ್ನು ಒತ್ತುತ್ತ ಕೂತಿದ್ದೇನೆ. ಒತ್ತಕ್ಷರ ಬಂದಾಗ ಈ ಫೋನು ನನ್ನನ್ನು ಕಾಡುತ್ತದೆ. ಕಾಡಲಿ, ಅಣ್ಣನಷ್ಟು ಕಾಡಲಾರದು.

ಆಗ ನಿಜಾಮರ ಕಾಲ. ನಮ್ಮೂರು ಕುಕನೂರಿನಿಂದ ಸ್ವಲ್ಪ ಆಚೆ. ಅಪ್ಪ ಜೋಳ ಬೆಳೆಯುವವ, ಓದು ಬರಹ ಅಷ್ಟಕ್ಕಷ್ಟೇ. ನಮ್ಮ ಮನೆಯಲ್ಲಿ ಮೆಟ್ರಿಕ್ ದಾಟಿದವ ಅಣ್ಣನೊಬ್ಬನೇ. ಕೊಪ್ಪಳದಲ್ಲಿ ರೈಲು ಹತ್ತಿ ಹೈದರಾಬಾದಿನ ಕಾಲೇಜಿಗೆ ಹೋಗಿದ್ದ. ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಅದು ಅವನಿಗೆ ತೊಂದರೆಯಾಗಿರಲಿಲ್ಲ, ಎಲಬುರ್ಗಿಯ ಸಾಲಿಯಲ್ಲೇ ಉರ್ದು ಕಲಿತಿದ್ದ. ತೊಂದರೆ ಕೊಟ್ಟದ್ದು ಪಾಠದ ಕೋಣೆ. ಮೊದಲ ವರ್ಷದ ಫಿಜಿಕ್ಸಿಗೆ ಸಂತೆಯಷ್ಟು ಹುಡುಗರು. ಪಟ್ಟಣದವರು ಮೊದಲೇ ಬಂದು ಮುಂದಿನ ಬೆಂಚು ಹಿಡಿಯುತ್ತಿದ್ದರಂತೆ. ನಮ್ಮಣ್ಣ ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದ.

"ಮಾಸ್ತರು ಮೇಜಿನ ಮ್ಯಾಲೆ ಏನೋ ತೂಗಿ ತೋರ್ಸಿದ್ರು. ನನಗ ಅವರ ರುಮಾಲಿನ ತುದಿ ಅಷ್ಟ ಕಂಡಿತು" ಅಂದ, ದಸರೆ ರಜೆಗೆ ಬಂದವನು.

ರಜೆ ಮುಗಿದ ಕೂಡಲೇ ಶಶಮಾಹಿ ಪರೀಕ್ಷೆ, ಅಂದರೆ ಆರು ತಿಂಗಳ ಪರೀಕ್ಷೆ. ಆ ತೂಗುವ ವಸ್ತುವಿನ ಮೇಲೆ ಪ್ರಶ್ನೆ ಬಂದೇ ಬರುತ್ತದೆ ಎಂದು ಮಾಸ್ತರರು ಹೇಳಿಬಿಟ್ಟಿದ್ದರು. ಶಶಮಾಹಿಯಲ್ಲಿ ಬಿದ್ದವರನ್ನು ವರ್ಷದ ಪರೀಕ್ಷೆಗೆ ಕೂರಿಸುವುದಿಲ್ಲ. ಅಪ್ಪನಿಗೆ ಇಷ್ಟು ತಿಳಿದದ್ದೇ ಸಾಕಾಯಿತು.

"ನಾಪಾಸಾದಿ ಅಂದ್ರ ಹೈದರಾಬಾದ್ ಸಾಕು. ಗಂಗಾವತಿ ಅಡತಿ ಅಂಗಡ್ಯಾಗ ನಿಮ್ಮ ಸ್ವಾದರಮಾವ ಜಾಗ ಹಿಡದಾನ. ಭತ್ತದ ಚೀಲ ಹೊಲಕೋತ ಕುಂದ್ರು" ಅಂದ.

ಅಣ್ಣನ ಮುಖ ಸಣ್ಣಗಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಬದುಕು ನಿಂತಿತು. ಅವ್ವ ಮಜ್ಜಿಗೆ ಕಡೆಯುವ ಹಾಗಿಲ್ಲ, ಸದ್ದಾಗುತ್ತದೆ. ಮೆಣಸಿನಕಾಯಿ ಹುರಿಯುವ ಹಾಗಿಲ್ಲ, ಅಣ್ಣನಿಗೆ ಕೆಮ್ಮು ಬರುತ್ತದೆ. ಪಡಸಾಲೆಯಲ್ಲಿ ಅವನು ಉರ್ದುವಿನಲ್ಲಿ ಕೂಗುತ್ತ ಆ ಕಡೆಯಿಂದ ಈ ಕಡೆ ತಿರುಗಾಡುವನು, ನಾನು ಕೋಳಿಗಳನ್ನು ಸುಮ್ಮನಿರಿಸುತ್ತ ಅಂಗಳದಲ್ಲಿ ತಿರುಗಾಡುವೆನು. ಕೂಗಿದ್ದನ್ನು ಅವನು ಮತ್ತೆ ಕನ್ನಡದಲ್ಲಿ ನನಗೆ ಹೇಳಬೇಕು, ನಾನು ಹೂಂಗುಟ್ಟಬೇಕು. ಗುಂಡಿನ ತೂಕ ಹೆಚ್ಚಾದರೂ ಕಡಿಮೆಯಾದರೂ ತೂಗುವ ಹೊತ್ತು ಬದಲಾಗುವುದಿಲ್ಲ. ದಾರ ಗಿಡ್ಡವಾದರೆ ಬೇಗ ಬೇಗ ತೂಗುತ್ತದೆ. ಇದನ್ನು ಎಷ್ಟು ಸಲ ಕೇಳಿದೆನೋ! ಹೂಂ ತಪ್ಪಿದರೆ ತಲೆಗೊಂದು ಮೊಟಕು.

"ಬಾಯಿಪಾಠ ಆಗೈತಿ. ಆದ್ರ ಕಣ್ಣಿಲೆ ನೋಡೂತನಕ ನನಗ ನಂಬಿಗಿ ಬರೂದಿಲ್ಲ" ಎಂದು ಒಂದು ದಿನ ಕೂಗಾಟ ನಿಲ್ಲಿಸಿದ.

ಮೊದಲು ಬೇವಿನ ಟೊಂಗೆಗೆ ತಂಬಿಗೆ ಕಟ್ಟಿ ತೂಗಿದ. ಗಾಳಿಗೆ ಅದು ಬುಗುರಿಯ ಹಾಗೆ ತಿರುಗಿತು. ಆಡೊಂದು ಬಂದು ಹಗ್ಗವನ್ನೇ ತಿನ್ನತೊಡಗಿತು. ಒಳಗೆ ಗಾಳಿ ಆಡದ ಜಾಗವೆಂದರೆ ನಡುಮನೆ. ಅಲ್ಲಿನ ತೊಲೆಗೆ ಗಟ್ಟಿಮುಟ್ಟಾದ ಕೊಂಡಿಯೊಂದಿತ್ತು, ಅದರಲ್ಲಿ ಅಕ್ಕನ ಕೂಸಿನ ತೊಟ್ಟಿಲು ತೂಗುತ್ತಿತ್ತು. ಅಕ್ಕನನ್ನು ಹನುಮಸಾಗರಕ್ಕೆ ಕೊಟ್ಟಿದ್ದರು, ಬಾಣಂತನಕ್ಕೆ ಬಂದವಳು ಇನ್ನೂ ತವರಿನಲ್ಲೇ ಇದ್ದಳು. ಕೂಸು ಅಕ್ಕನ ತೊಡೆಯ ಮೇಲಿದ್ದ ಹೊತ್ತು ನೋಡಿ ಅಣ್ಣ ತೊಟ್ಟಿಲಿಗೆ ಕೈ ಹಚ್ಚಿದ.

"ಏ ಮೂಳಾ! ಬಿಡದನ್ನ!" ಎಂದು ಆಯಿ ಒಳಗಿನಿಂದ ಓಡಿಬಂದಳು. ಆಯಿ ಎಂದರೆ ನಮ್ಮಪ್ಪನ ತಾಯಿ. ಮನೆಯಲ್ಲಿ ಅಪ್ಪನದು ಮಾತು, ಆಯಿಯದು ಕಾನೂನು. "ಖಾಲಿ ತೊಟ್ಲಾ ತೂಗ್ತಾರೇನು? ಕೂಸಿಗೆ ಹೊಟ್ಟಿನೋವು ಬರ್ತೈತಿ."

"ಆಯೀ, ಇದು ಪರೀಕ್ಷಾದ ಮಾತು."

"ಪರೀಕ್ಷಾ ನಿಂದು, ಹೊಟ್ಟಿ ಕೂಸಿಂದು!"

ಅಣ್ಣ ಗಂಗಾವತಿಯ ಮಾತೆತ್ತಿ ಕಣ್ಣಲ್ಲಿ ನೀರು ತಂದುಕೊಂಡ. ಆಯಿ ಕರಗಿದಳು, ಆದರೆ ತನ್ನ ಕಾನೂನು ಬಿಡಲಿಲ್ಲ. ಹೆಸರಿಡುವ ದಿನ ಕೂಸಿಗಿಂತ ಮೊದಲು ರುಬ್ಬುಗುಂಡನ್ನು ತೊಟ್ಟಿಲಲ್ಲಿ ಮಲಗಿಸುತ್ತಾರಲ್ಲ, ಹಾಗೆ ಮಾಡಿದರೆ ತೂಗಬಹುದು ಎಂದಳು. ರುಬ್ಬುಗುಂಡನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕುಂಚಿಗೆ ಕಟ್ಟಿ ಮಲಗಿಸಿದ್ದಾಯಿತು. ತೂಗುವವಳು ತಾನೇ ಎಂದು ಹಟ ಹಿಡಿದಳು. ಜೋಗುಳ ಹಾಡದೆ ತೊಟ್ಟಿಲು ತೂಗುವುದು ಆಯಿಗೆ ಗೊತ್ತೇ ಇರಲಿಲ್ಲ.

ಇಲ್ಲಿ ಅಣ್ಣನಿಗೆ ಒಂದು ಬುದ್ಧಿ ಹೊಳೆಯಿತು. ಹೊತ್ತು ಅಳೆಯಲು ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ, ಓಣಿಯಲ್ಲೇ ಇರಲಿಲ್ಲ. ಆಯಿಯ ಜೋಗುಳವನ್ನೇ ಗಡಿಯಾರ ಮಾಡಿದರಾಯಿತು! ಅದು ಆಯಿ ತಾನೇ ಕಟ್ಟಿದ್ದು. ಕೂಸಿನ ಮಾವಂದಿರು, ಕಾಕಂದಿರು, ಅತ್ತೆಯರು ಎಲ್ಲರೂ ಬಂದು ಏನಾದರೊಂದು ಕೊಟ್ಟು ಹೋಗುವ ಹಾಡು. ಪ್ರತಿ ಸಲವೂ ನಂಟರು ಅವರೇ, ತರುವ ಸಾಮಾನೂ ಅವೇ. ಒಂದು ಹಾಡು ಮುಗಿಯುವುದರಲ್ಲಿ ತೊಟ್ಟಿಲು ಎಷ್ಟು ಸಲ ತೂಗಿತು ಎಂದು ಅಣ್ಣ ಗೋಡೆಗೆ ಇದ್ದಲಿನಿಂದ ಗೀಟು ಎಳೆಯುತ್ತ ಕೂತ.

ರುಬ್ಬುಗುಂಡಿನದು ಮುಗಿಯಿತು. ಈಗ ತೂಕ ಹೆಚ್ಚಿಸಬೇಕು. ಅಣ್ಣ ಮನೆಯೆಲ್ಲ ಕಣ್ಣಾಡಿಸಿ ನನ್ನ ಮೇಲೆ ನಿಲ್ಲಿಸಿದ.

"ನಾ ಒಲ್ಲೆ" ಅಂದೆ.

"ನಾ ಗಂಗಾವತಿಗೆ ಹೋದ್ರ ನಿನಗ ಛಲೋ ಅನಸ್ತೈತೇನು?"

ಅನಿಸುತ್ತದೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಎತ್ತಿ ಹಾಕಿಬಿಟ್ಟ. ಕಾಲು ಮಡಚಿದರೂ ಮೊಣಕಾಲು ಹೊರಗೆ. ಕೂಸಿನ ವೇಷವಿಲ್ಲದೆ ಹಗ್ಗಕ್ಕೆ ಕೈ ಹಚ್ಚುವುದಿಲ್ಲ ಎಂದು ಆಯಿ ಕುಂಚಿಗೆ ಕಟ್ಟಿದಳು, ದೃಷ್ಟಿಗೆ ಕಾಡಿಗೆ ಹಚ್ಚಿದಳು. ಅಕ್ಕ ನಕ್ಕು ನಕ್ಕು ಕೂಸನ್ನು ಕೆಳಗೆ ಬಿಡುವುದರಲ್ಲಿದ್ದಳು. ಜೋಗುಳ ಕೇಳಿ ಓಣಿಯ ಹೆಂಗಸರು ಬಾಗಿಲಿಗೆ ಬಂದರು.

"ಏನ್ರಿ ಆಯಿ, ಕೂಸು ಭಾಳ ಜಲ್ದಿ ಬೆಳದೈತಲ್ರಿ!"

"ಹಲ್ಲೂ ಬಂದಾವ ನೋಡ್ರಬೇ!"

"ಕಾಲೇಜಿನ ಓದೈತಿ ಇದು, ನಗಬ್ಯಾಡ್ರಿ" ಎಂದು ಅಣ್ಣ ಗದರಿದ. ಅವರು ಇನ್ನೂ ಹೆಚ್ಚು ನಕ್ಕರು. ನಾನು ಮುಖಕ್ಕೆ ಕೌದಿ ಎಳೆದುಕೊಂಡೆ.

ರುಬ್ಬುಗುಂಡು ತೂಗಿದಷ್ಟೇ ಸಲ ನಾನೂ ತೂಗಿದ್ದೆ. ಕಿತಾಬಿನಲ್ಲಿ ಇದ್ದದ್ದೂ ಹಾಗೇ. ಅಣ್ಣ ಕುಣಿದಾಡಿದ. ಮರುದಿನ ತೊಟ್ಟಿಲ ಹಗ್ಗವನ್ನು ಗಂಟು ಹಾಕಿ ಅರ್ಧಕ್ಕೆ ಗಿಡ್ಡ ಮಾಡಿ, ಮತ್ತೆ ನನ್ನನ್ನು ಹಾಕಿದ. ಆಯಿ ಹಾಡಿದಳು. ಅಣ್ಣ ಗೀಟು ಎಳೆದ, ಎಣಿಸಿದ, ಇನ್ನೊಮ್ಮೆ ಎಣಿಸಿದ. ನಿನ್ನೆಯಷ್ಟೇ ಗೀಟುಗಳು!

"ಹಗ್ಗ ಗಿಡ್ಡ ಮಾಡಿದ್ರೂ ಅಷ್ಟ ಐತಿ" ಎಂದು ಗೋಡೆಯನ್ನೇ ನೋಡುತ್ತ ನಿಂತ.

"ಅಣ್ಣಾ, ಈಗ ಜೋರ್ ಹೊಂಟಿತ್ತು. ನನಗ ಹೊಟ್ಟಿ ತೊಳಸಾಕತ್ತಿತು" ಅಂದೆ.

"ಸುಮ್ನ ಮಕ್ಕೋ. ತೊಟ್ಲದಾಗಿನ ಕೂಸು ಮಾತಾಡ್ತೈತೇನು?"

ಮಾತಾಡುವುದಿಲ್ಲ, ನಿಜ. ಆದರೆ ತೂಗಿಸಿಕೊಂಡವಳು ನಾನಲ್ಲವೇ? ಯಾರಿಗೆ ಹೇಳುವುದು! ಸಂಜೆ ಊಟಕ್ಕೆ ಕೂತಾಗ ಅಣ್ಣ ರೊಟ್ಟಿ ಮುರಿಯುತ್ತ, ಕಿತಾಬು ಬರೆದವರೇ ತಪ್ಪಿದ್ದಾರೆ, ಹಗ್ಗದ ಉದ್ದಕ್ಕೂ ತೂಗುವುದಕ್ಕೂ ಸಂಬಂಧವಿಲ್ಲ, ಕಣ್ಣಾರೆ ನೋಡಿದ್ದನ್ನೇ ಪೇಪರಿನಲ್ಲಿ ಬರೆಯುತ್ತೇನೆ ಎಂದು ಸಾರಿದ. ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. "ಹೈದರಾಬಾದಿನವರಿಗೆ ನಮ್ಮ ಹುಡುಗ ಕಲಸ್ತಾನ ತಗೋ" ಎಂದು ಅವನ ತಾಟಿಗೆ ಬೆಣ್ಣೆ ಹಾಕಿಸಿದ. ಬೆಣ್ಣೆ ತಿನ್ನುತ್ತಿರುವವನು ನೇರ ಗಂಗಾವತಿಗೇ ಹೊರಟಿದ್ದಾನೆ ಎನ್ನುವುದು ನನಗೊಬ್ಬಳಿಗೇ ಕಾಣುತ್ತಿತ್ತು. ತಲೆ ಮೊಟಕಿಸಿಕೊಂಡು ಹೂಂಗುಟ್ಟಿದವಳು ನಾನು. ಕಿತಾಬು ಸರಿ, ನನ್ನ ಹೊಟ್ಟೆಯೂ ಸರಿ. ಉಳಿದವರಲ್ಲಿ ಯಾರು ತಪ್ಪು?

ಹೊರಡುವ ದಿನ ಹತ್ತಿರ ಬಂತು. ಕಡೆಯ ಸಲ ನೋಡಿಬಿಡುತ್ತೇನೆ ಎಂದು ಅಣ್ಣ ಹಗ್ಗದ ಗಂಟು ಬಿಚ್ಚಿ ಉದ್ದ ಮಾಡಿ ನನ್ನನ್ನು ಮತ್ತೆ ತುಂಬಿದ. ಆ ಜೋಗುಳ ಕೇಳಿ ಕೇಳಿ ನನ್ನ ಕಿವಿ ಹಣ್ಣಾಗಿದ್ದವು. ಕಾಕ ಬಂದ, ಅತ್ತೆ ಬಂದಳು, ಕೂಸಿಗೆ ಝಬಲದ ಅಂಗಿ ತಂದರು... ಸಾಕಾಗಿ ನಾನು ಕಿವಿ ಮುಚ್ಚಿಕೊಂಡು, ಹಾಡು ಕೇಳಿಸದಂತೆ ಜೋರಾಗಿ ಮಗ್ಗಿ ಒದರತೊಡಗಿದೆ. ಹನ್ನೊಂದರಿಂದ ಶುರು. ನಮ್ಮ ಅಯ್ಯನವರ ಸಾಲಿಯಲ್ಲಿ ಮಗ್ಗಿಗೆ ಒಂದೇ ನಡೆ. ಯಾರಾದರೂ ಮುಂದೆ ಓಡಿದರೂ ಹಿಂದೆ ಬಿದ್ದರೂ ಬೆನ್ನ ಮೇಲೆ ಬೆತ್ತ. ಮನೆಗೆ ಬೆಂಕಿ ಬಿದ್ದರೂ ನನ್ನ ಮಗ್ಗಿ ಅದೇ ನಡೆಯಲ್ಲಿ ನಡೆಯುತ್ತಿತ್ತು.

ಹಾಡು ಮುಗಿದು ಆಯಿ ಹಗ್ಗ ಬಿಟ್ಟಾಗ ನಾನು ಹದಿಮೂರರ ಮಗ್ಗಿ ಮುಗಿಸಿದ್ದೆ. ಅಣ್ಣ ಹಗ್ಗ ಗಿಡ್ಡ ಮಾಡಿದ. ಆಯಿ ಮತ್ತೆ ಹಾಡಿದಳು, ನಾನು ಮತ್ತೆ ಒದರಿದೆ. ಹದಿಮೂರಕ್ಕೆ ಬಾಯಿ ಹಾಕುವಷ್ಟರಲ್ಲಿ ಹಾಡೇ ಮುಗಿದುಹೋಯಿತು.

ನಾನು ಕುಂಚಿಗೆಯ ಸಮೇತ ಎದ್ದು ಕೂತೆ. "ಅಣ್ಣಾ, ಹದಿಮೂರರ ಮಗ್ಗಿ ಎಲ್ಲಿ ಹೋತು?"

"ಯಾವ ಮಗ್ಗಿ?"

"ಆಗ ಹಾಡು ಮುಗಿಯೂದ್ರಾಗ ಹದಿಮೂರು ಮುಗದಿತ್ತು. ಈಗ ಹನ್ನೆರಡಕ್ಕ ಹಾಡು ಮುಗೀತು. ಆಯಿ ಓಡಾಕತ್ತಾಳ!"

ಅಣ್ಣ ಇದ್ದಲು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದ. ಮೆಲ್ಲಗೆ ಆಯಿಯ ಕಡೆ ತಿರುಗಿದ. "ಆಯೀ, ನೀ ಹಾಡು ಜೋರ್ ಮಾಡಿದೇನು?"

"ತೊಟ್ಲಾ ಹ್ಯಾಂಗ ಹೋಗ್ತೈತಿ ಹಂಗ ಹಾಡಬೇಕು" ಅಂದಳು ಆಯಿ, ಇದನ್ನೂ ಕೇಳುತ್ತಾರೆಯೇ ಎನ್ನುವ ಹಾಗೆ. "ತೊಟ್ಲಾ ಒಂದ್ ಕಡಿ, ಹಾಡು ಒಂದ್ ಕಡಿ ಹೋದ್ರ ಕೂಸು ಮಲಗತೈತೇನು? ಇಷ್ಟೂ ಕಲಸಲಿಲ್ಲೇನು ನಿಮ್ಮ ಕಾಲೇಜಿನಾಗ?"

ಅಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. ಕೈಯಲ್ಲಿದ್ದ ಇದ್ದಲೆಲ್ಲ ಹಣೆಗೆ ಬಳಿಯಿತು. ತೊಟ್ಟಿಲು ಬೇಗ ತೂಗಿದರೆ ಹಾಡೂ ಬೇಗ, ನಿಧಾನ ತೂಗಿದರೆ ಹಾಡೂ ನಿಧಾನ. ಹೀಗಿದ್ದ ಮೇಲೆ ಗೀಟುಗಳು ಎಂದಾದರೂ ಬದಲಾದಾವೇ?

ಅಷ್ಟಕ್ಕೆ ಬಿಡುವವನೇ ಅವನು! ಗೋಡೆಗೆ ಮುಖ ಮಾಡಿ ಒಂದೇ ನಡೆಯಲ್ಲಿ ಹಾಡು ಎಂದು ಆಯಿಗೆ ಹೇಳಿದ. ಕೊಂಡಿಯ ಕಿರ್ರೆನ್ನುವ ಸದ್ದು ಕೇಳಿಯೇ ಅವಳು ಅದರ ಜೊತೆ ಹೋದಳು. ಅಡುಗೆಮನೆಯಲ್ಲಿ ಕೂತು ಹಾಡು ಎಂದ. ಆಯಿಗೆ ಸಿಟ್ಟೇ ಬಂತು. "ಈ ಹಾಡಿಲೆ ನಿಮ್ಮಪ್ಪನ್ನ ಮಲಗಿಸೀನಿ, ನಿನ್ನ ಮಲಗಿಸೀನಿ. ಅವಾಗ ಯಾರೂ ತಪ್ಪು ತಗೀಲಿಲ್ಲ" ಎಂದು ಹಗ್ಗ ಬಿಟ್ಟು ಎದ್ದುಹೋದಳು.

ಉಳಿದದ್ದು ನನ್ನ ಮಗ್ಗಿ. ರುಬ್ಬುಗುಂಡನ್ನು ಮತ್ತೆ ತೊಟ್ಟಿಲಿಗೆ ಹಾಕಿ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡ. ಉದ್ದ ಹಗ್ಗಕ್ಕೊಮ್ಮೆ, ಗಿಡ್ಡ ಹಗ್ಗಕ್ಕೊಮ್ಮೆ, ನಡುವಿನ ಹಗ್ಗಕ್ಕೊಮ್ಮೆ ಒದರಿಸಿದ. ಗೀಟುಗಳು ಕಿತಾಬು ಹೇಳಿದಂತೆಯೇ ಬಂದವು. ನಂಬಿಕೆ ಬಂತು ಎಂದ. ಎಂದರೂ ಬಿಡಲಿಲ್ಲ, ಇನ್ನೊಮ್ಮೆ ಎಂದ. ಅವನು ಚಕ್ಕಡಿ ಹತ್ತಿ ಕೊಪ್ಪಳದ ಸ್ಟೇಷನ್ನಿಗೆ ಹೊರಟಾಗ ನನ್ನ ಗಂಟಲು ಪೂರ್ತಿ ಕಟ್ಟಿತ್ತು. ಮರುದಿನ ಸಾಲಿಯಲ್ಲಿ ಮಗ್ಗಿ ಹೇಳಲು ದನಿ ಹೊರಡಲಿಲ್ಲ. ಅಯ್ಯನವರು ಬೆತ್ತ ತೆಗೆದುಕೊಂಡರು. ಫಿಜಿಕ್ಸಿನಿಂದಾಗಿ ಹೀಗಾಯಿತು ಎಂದು ಹೇಳುವುದಕ್ಕೂ ದನಿ ಬೇಕಲ್ಲ!

ಆಮೇಲೆ ಕಾಯುವ ಕೆಲಸ. ಗಂಗಾವತಿಯಿಂದ ಸ್ವಾದರಮಾವ ಹುಡುಗ ಬರುತ್ತಾನೋ ಇಲ್ಲವೋ ಎಂದು ಎರಡು ಸಲ ಹೇಳಿಕಳಿಸಿದ. ಅಪ್ಪ ಇನ್ನಷ್ಟು ತಡೆ ಅಂದ. ನನ್ನ ಮಗ್ಗಿಯ ಮೇಲೆ ನನಗೇ ಸಂಶಯ ಬಂದು, ತೊಟ್ಟಿಲ ಬಳಿ ಕೂತು ಸುಮ್ಮಸುಮ್ಮನೆ ಪಿಟಿಪಿಟಿ ಎನ್ನುತ್ತಿದ್ದೆ.

ಸಂಕ್ರಾಂತಿಯ ಸುಮಾರಿಗೆ ಅಣ್ಣ ಬಂದ. ಚಕ್ಕಡಿಯಿಂದ ಇಳಿಯುವಾಗಲೇ ಅವನ ಹಲ್ಲು ಕಂಡವು. "ಪಾಸಾದ್ನಿ!" ಅಪ್ಪ ರುಮಾಲು ತೆಗೆದು ಮತ್ತೆ ಸುತ್ತಿಕೊಂಡ. ತೂಗುವ ಗುಂಡಿನ ಪ್ರಶ್ನೆಯೇ ಬಂದಿತ್ತಂತೆ. ಪ್ರಯೋಗ ಮಾಡಿ ತೋರಿಸುವುದು ಹೇಗೆ ಎಂದು ಬರೆಯಬೇಕಿತ್ತಂತೆ.

ಅಷ್ಟು ದಿನ ಸೆಟೆದುಕೊಂಡಿದ್ದ ಆಯಿ ಅವನ ಕಾಲಿಗೆ ನೀರು ಕೊಡುತ್ತ, ಯಾರಿಗೂ ಕೇಳದ ಹಾಗೆ ಕೇಳಿದಳು. "ನನ್ನ ಹಾಡು ಬರದಿಯೋ ಇಲ್ಲೋ?"

"ಬರದೀನಿ ಆಯಿ. ಮೊದಲ ಸಾಲೇ ಅದು."

ಆಯಿ ತಂಬಿಗೆಯನ್ನು ಅಲ್ಲೇ ಬಿಟ್ಟು ಓಣಿಗೆ ಇಳಿದಳು. "ಕೇಳಿದ್ರೇನ್ರೇ? ಹೈದರಾಬಾದಿನಾಗ ನನ್ನ ಹಾಡು ಪಾಸಾಗೈತಿ!"

ನಾನು ಅಣ್ಣನ ಅಂಗಿ ಜಗ್ಗಿದೆ. "ನನ್ನ ಮಗ್ಗಿ?"

ಅಣ್ಣ ಆ ಕಡೆ ಈ ಕಡೆ ನೋಡಿ ನನ್ನ ಕಿವಿಗೆ ಬಾಗಿದ. "ಹಾಡೂ ಬರದಿಲ್ಲ, ಮಗ್ಗೀನೂ ಬರದಿಲ್ಲ. ಗಡಿಯಾರ ಇಟ್ಕೊಂಡು ನೋಡಬೇಕು ಅಂತ ಬರದೀನಿ."

ಗಡಿಯಾರ! ಆ ಪುಣ್ಯಾತ್ಮ ಅಲ್ಲಿಯತನಕ ಗಡಿಯಾರವನ್ನು ಕೈಯಲ್ಲಿ ಹಿಡಿದವನೇ ಅಲ್ಲ. ನಾನು ಅವನ ಕಾಲಿನ ಮೇಲೆ ತಂಬಿಗೆಯ ನೀರನ್ನೆಲ್ಲ ಒಮ್ಮೆಲೇ ಸುರಿದು ಒಳಗೆ ಹೋದೆ. ತೊಟ್ಟಿಲಲ್ಲಿ ಅಕ್ಕನ ಕೂಸು ಎದ್ದು ಅಳುತ್ತಿತ್ತು. ಹಗ್ಗ ಹಿಡಿದು ತೂಗಿದೆ, ಹನ್ನೊಂದರ ಮಗ್ಗಿ ಹೇಳುತ್ತ. ತೊಟ್ಟಿಲು ಒಂದು ಕಡೆ ಹೋಯಿತು, ಮಗ್ಗಿ ಒಂದು ಕಡೆ. ಆಯಿ ಹೇಳಿದ್ದು ಖರೆ, ಕೂಸು ಮಲಗಲಿಲ್ಲ.